ಫೋನು, ಲ್ಯಾಪ್‌ಟಾಪು, ಕಚೇರಿಯ ಕಂಪ್ಯೂಟರು: ಎಲ್ಲೆಡೆಯೂ ಒಂದೇ ಬುಕ್‌ಮಾರ್ಕ್ ಪಟ್ಟಿ ಇಟ್ಟುಕೊಳ್ಳುವ ಕ್ರಮ

ಪಹಣಿ ನೋಡಲು ಭೂಮಿ ತಾಣ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಮಗಳ ಸಿಇಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಗಂಜಿನ (ಕೃಷಿ ಮಾರುಕಟ್ಟೆಯ) ತೊಗರಿ ಧಾರಣಿಗೆ ಕೃಷಿ ಮಾರಾಟ ವಾಹಿನಿ. ಕಲಬುರಗಿ, ಬೀದರ, ಯಾದಗಿರಿ ಕಡೆಯ ಸಾಧಾರಣ ಮನೆಯೊಂದಕ್ಕೆ ವರ್ಷದುದ್ದಕ್ಕೂ ಬೇಕಾಗುವ ಜಾಲತಾಣಗಳು ಹೀಗೆ ಹತ್ತಾರು ಇವೆ. ಇವುಗಳಲ್ಲಿ ಒಂದನ್ನು ಫೋನಿನ ಕ್ರೋಮ್‌ನಲ್ಲಿ, ಇನ್ನೊಂದನ್ನು ಕಚೇರಿಯ ಎಡ್ಜ್‌ನಲ್ಲಿ, ಮತ್ತೊಂದನ್ನು ವಾಟ್ಸಾಪ್‌ನಲ್ಲಿ ನಮಗೆ ನಾವೇ ಕಳಿಸಿಕೊಂಡ ಸಂದೇಶದಲ್ಲಿ ಉಳಿಸಿರುತ್ತೇವೆ. ಬೇಕಾದ ಹೊತ್ತಿಗೆ ಯಾವುದೂ ಕೈಗೆ ಸಿಗದೆ ಮತ್ತೆ ಗೂಗಲ್‌ನಲ್ಲಿಯೇ ಹುಡುಕುತ್ತೇವೆ.

ಹಾಗೆ ಹುಡುಕುವುದರಿಂದ ಹೊತ್ತು ಹೋಗುತ್ತದೆ ಎಂಬುದು ಚಿಕ್ಕ ಮಾತು. ಹುಡುಕಾಟದ ಫಲಿತಾಂಶಗಳ ಮೇಲ್ಭಾಗದಲ್ಲಿ ಜಾಹೀರಾತುಗಳು ಬರುವುದುಂಟು. ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ಪುಟವೊಂದನ್ನು ತೆರೆದು, ಆಧಾರ್ ಸಂಖ್ಯೆ ತುಂಬಿ, ಇಲ್ಲದ ಶುಲ್ಕವನ್ನೂ ಕಟ್ಟುವ ಅಪಾಯ ಅಲ್ಲಿದೆ. ಒಮ್ಮೆ ಸರಿಯಾದ ವಿಳಾಸವನ್ನು, ಅದರಲ್ಲಿನ ತಾಣದ ಹೆಸರಿನ (https:// ಆದ ಮೇಲೆ ಬರುವ ಮೊದಲ ಓರೆಗೆರೆಯವರೆಗಿನ ಭಾಗದ) ಕೊನೆಯಲ್ಲಿ ಗವ್ ಡಾಟ್ ಇನ್ ಅಥವಾ ನಿಕ್ ಡಾಟ್ ಇನ್ ಇದೆಯೇ ಎಂದು ನೋಡಿ ಉಳಿಸಿಕೊಂಡವರಿಗೆ ಆ ಭಯವಿರುವುದಿಲ್ಲ. ಬ್ಯಾಂಕಿನ ತಾಣಕ್ಕಂತೂ ಬುಕ್‌ಮಾರ್ಕಿನ, ಅಂದರೆ ಬ್ರೌಸರಿನಲ್ಲಿ ಉಳಿಸಿಟ್ಟ ವಿಳಾಸದ, ಮೂಲಕವೇ ಹೋಗಬೇಕು ಎಂದು ನಾನು ಮನೆಯವರಿಗೆಲ್ಲ ಹೇಳುತ್ತಿರುತ್ತೇನೆ.

ಸಾಧನಗಳ ನಡುವೆ ಪಟ್ಟಿಯನ್ನು ಹೊಂದಿಸುವುದು, ಅಂದರೆ ಸಿಂಕ್ ಮಾಡುವುದು, ಈ ಕೆಲಸದ ಸುಲಭ ಭಾಗ. ಉಳಿಸುವ ಗಳಿಗೆಯಲ್ಲಿಯೇ ನಮ್ಮ ಮಾತಿನಲ್ಲಿ ಹೆಸರಿಡುವುದು ಬೇಸರದ ಭಾಗ. ಆದರೆ ಉಳಿಸಿದ್ದು ಮತ್ತೆ ಸಿಗುವುದೂ ಬಿಡುವುದೂ ಈ ಎರಡನೆಯದನ್ನೇ ಅವಲಂಬಿಸಿರುವುದರಿಂದ ಇಲ್ಲಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಇರುವುದನ್ನು ಕಡತವಾಗಿ ಇಳಿಸಿಕೊಳ್ಳಿ

ಯಾವ ಸಾಧನದಲ್ಲಿಯೂ ಸಿಂಕ್ ಗುಂಡಿಯನ್ನು ಒತ್ತುವ ಮೊದಲು ಪ್ರತಿ ಕಂಪ್ಯೂಟರಿನಲ್ಲಿರುವ ಬುಕ್‌ಮಾರ್ಕುಗಳ ಒಂದು ಪ್ರತಿಯನ್ನು ತೆಗೆದಿಡಬೇಕು, ಏಕೆಂದರೆ ಎರಡು ಪಟ್ಟಿಗಳು ಒಮ್ಮೆ ಬೆರೆತುಹೋದರೆ ಅವುಗಳನ್ನು ಬೇರ್ಪಡಿಸುವುದು ಕಷ್ಟ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಓ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬುಕ್‌ಮಾರ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಮೇಲಿನ ಮೂರು ಚುಕ್ಕಿಗಳ ಒಳಗೆ ಎಕ್ಸ್‌ಪೋರ್ಟ್ ಬುಕ್‌ಮಾರ್ಕ್ಸ್ ಎಂಬ ಆಯ್ಕೆಯಿದೆ. ಫೈರ್‌ಫಾಕ್ಸ್‌ನಲ್ಲಿಯೂ ಅದೇ ಮೂರು ಕೀಲಿಗಳಿಂದ ಲೈಬ್ರರಿ ತೆರೆಯುತ್ತದೆ, ಅಲ್ಲಿ ಇಂಪೋರ್ಟ್ ಆ್ಯಂಡ್ ಬ್ಯಾಕಪ್ ಎಂಬಲ್ಲಿ ಎಚ್‌ಟಿಎಂಎಲ್ ಆಗಿ ಉಳಿಸುವ ಆಯ್ಕೆ ಸಿಗುತ್ತದೆ. ಎಡ್ಜ್‌ನಲ್ಲಿ ಬುಕ್‌ಮಾರ್ಕಿಗೆ ಫೇವರಿಟ್ಸ್ ಎಂಬ ಹೆಸರು, ಉಳಿದ ಕ್ರಮ ಹೆಚ್ಚೂಕಡಿಮೆ ಇದೇ.

ಹೀಗೆ ಸಿಗುವ ಎಚ್‌ಟಿಎಂಎಲ್ ಕಡತದ ಬಗ್ಗೆ ಒಂದು ಮಾತು. ಇದು ನೆಟ್‌ಸ್ಕೇಪ್ ಎಂಬ ಹಳೆಯ ಬ್ರೌಸರಿನ ಕಾಲದ ಮಾದರಿ. ಆ ಬ್ರೌಸರು ಮರೆಯಾಗಿ ಬಹಳ ಕಾಲವಾದರೂ ಇವತ್ತಿನ ಎಲ್ಲ ಮುಖ್ಯ ಬ್ರೌಸರುಗಳೂ ಬುಕ್‌ಮಾರ್ಕ್ ಸೇವೆಗಳೂ ಇದನ್ನೇ ಓದುತ್ತವೆ, ಇದನ್ನೇ ಬರೆಯುತ್ತವೆ. ಕಡತದ ಹೆಸರಿನಲ್ಲಿ ಯಾವ ಸಾಧನದ್ದು, ಯಾವ ತಿಂಗಳಿನದ್ದು ಎಂಬುದನ್ನು ಸೇರಿಸಿ ಪೆನ್‌ಡ್ರೈವ್‌ನಲ್ಲಿಯೋ ಗೂಗಲ್ ಡ್ರೈವ್‌ನಲ್ಲಿಯೋ ಇಟ್ಟುಕೊಳ್ಳಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಿಂದ ಈ ಕಡತವನ್ನು ನೇರವಾಗಿ ತೆಗೆಯಲು ಬರುವುದಿಲ್ಲ. ಫೋನಿನ ಪಟ್ಟಿ ಸಿಂಕ್ ಆಗಿ ಕಂಪ್ಯೂಟರಿಗೆ ಬಂದ ಮೇಲೆಯೇ ಅದನ್ನು ಇಳಿಸಿಕೊಳ್ಳಬೇಕು.

ಮನೆಬ್ರೌಸರು ಯಾವುದೆಂದು ನಿರ್ಧರಿಸಿ

ಫೋನಿನಲ್ಲಿ ಕ್ರೋಮ್ ಇದ್ದು, ಮನೆಯ ಕಂಪ್ಯೂಟರಿನಲ್ಲಿಯೂ ಅದನ್ನೇ ಹಾಕಿಕೊಳ್ಳಲು ಅಡ್ಡಿಯಿಲ್ಲದವರಿಗೆ ಬೇರೆ ಯಾವ ಸೇವೆಯೂ ಬೇಡ. ಎರಡೂ ಕಡೆ ಒಂದೇ ಗೂಗಲ್ ಖಾತೆಯಿಂದ ಒಳಹೋಗಿ, ಸೆಟ್ಟಿಂಗ್ಸ್‌ನಲ್ಲಿ ಬುಕ್‌ಮಾರ್ಕುಗಳ ಸಿಂಕ್ ಆನ್ ಆಗಿದೆಯೇ ಎಂದು ನೋಡಿಕೊಂಡರೆ ಸಾಕು. ಮನೆಯಲ್ಲಿ ಎರಡು ಮೂರು ಜೀಮೇಲ್ ಖಾತೆಗಳಿರುವುದು ಈಗ ಸಾಮಾನ್ಯವಾದ್ದರಿಂದ ಯಾವ ಖಾತೆಯಿಂದ ಒಳಹೋಗಿದ್ದೇವೆ ಎಂಬುದನ್ನು ಮೂಲೆಯ ಪ್ರೊಫೈಲ್ ಚಿತ್ರ ಒತ್ತಿ ಖಚಿತಪಡಿಸಿಕೊಳ್ಳಬೇಕು. ಸಿಂಕ್ ಆಗುತ್ತಿಲ್ಲ ಎಂದು ಹೇಳಿಕೊಂಡು ಬರುವವರಲ್ಲಿ ಬಹುಮಂದಿಯ ತೊಡಕು ಇಷ್ಟೇ: ಫೋನಿನಲ್ಲೊಂದು ಖಾತೆ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು. ಫೋನಿನಲ್ಲಿ ಉಳಿಸಿದವು ಕಂಪ್ಯೂಟರಿನಲ್ಲಿ ಮೊಬೈಲ್ ಬುಕ್‌ಮಾರ್ಕ್ಸ್ ಎಂಬ ಪ್ರತ್ಯೇಕ ಫೋಲ್ಡರಿನಲ್ಲಿ ಕಾಣಿಸಿಕೊಳ್ಳುತ್ತವೆ, ಆದ್ದರಿಂದ ಮೇಲಿನ ಪಟ್ಟಿಯಲ್ಲಿ ಇಲ್ಲವೆಂದು ಗಾಬರಿಯಾಗಬೇಕಿಲ್ಲ.

ಫೈರ್‌ಫಾಕ್ಸ್ ಬಳಸುವವರಿಗೆ ಮೊಝಿಲ್ಲಾ ಖಾತೆ ಬೇಕಾಗುತ್ತದೆ. ಅಲ್ಲಿ ಸಿಂಕ್ ಆಗುವ ಮಾಹಿತಿಯು ಸಾಧನದಲ್ಲಿಯೇ ಗೂಢಲಿಪಿಗೆ ತಿರುಗಿ ಹೋಗುವುದರಿಂದ ಕಂಪನಿಗೂ ಅದು ಓದಲು ಬರುವುದಿಲ್ಲ. ಖಾಸಗಿತನ ಮುಖ್ಯವೆನ್ನುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಐಫೋನಿನ ಸಫಾರಿಯವರು ಐಕ್ಲೌಡ್ ಮೂಲಕ ಹೊಂದಿಸಿಕೊಳ್ಳಬಹುದು. ವಿಂಡೋಸ್ ಕಂಪ್ಯೂಟರಿನ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ಗಳಿಗೂ ಆಪಲ್ ಒಂದು ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಸುವ ಚಿಕ್ಕ ತಂತ್ರಾಂಶ, ಕೊಟ್ಟಿದೆ.

ತೊಂದರೆ ಬರುವುದು ಬ್ರೌಸರುಗಳು ಬೇರೆಬೇರೆಯಾಗಿರುವವರಿಗೆ. ಕಚೇರಿಯಲ್ಲಿ ಎಡ್ಜ್ ಮಾತ್ರ ಇದ್ದು, ಹೊಸ ತಂತ್ರಾಂಶ ಹಾಕಲು ಅನುಮತಿ ಇಲ್ಲದ ನೌಕರರು ನಮ್ಮಲ್ಲಿ ಬಹಳ. ಇಂಥವರಿಗೆ ಬ್ರೌಸರಿನಿಂದ ಹೊರಗಿರುವ ಸೇವೆಯೊಂದು ಒಳ್ಳೆಯದು. ರೇನ್‌ಡ್ರಾಪ್ ಎಂಬ ಸೇವೆಯ ಉಚಿತ ಯೋಜನೆಯಲ್ಲಿ ಬುಕ್‌ಮಾರ್ಕುಗಳಿಗಾಗಲಿ ಸಾಧನಗಳಿಗಾಗಲಿ ಮಿತಿಯಿಲ್ಲ. ಆಂಡ್ರಾಯ್ಡ್, ಐಫೋನು, ಎಲ್ಲ ಮುಖ್ಯ ಬ್ರೌಸರುಗಳಿಗೂ ಅದರ ಆ್ಯಪ್ ಅಥವಾ ಎಕ್ಸ್‌ಟೆನ್ಶನ್ ಇದೆ, ಏನನ್ನೂ ಹಾಕಿಕೊಳ್ಳದೆ ಅದರ ತಾಣವನ್ನು ತೆರೆದೂ ಪಟ್ಟಿ ನೋಡಬಹುದು. ಪುಟದ ಒಳಗಿನ ಪೂರ್ತಿ ಪಠ್ಯದಲ್ಲಿ ಹುಡುಕುವುದು ಮತ್ತು ಪುಟದ ಪ್ರತಿಯನ್ನು ಕಾಯಂ ಆಗಿ ಇಟ್ಟುಕೊಳ್ಳುವುದು ಹಣ ಕೊಡುವವರಿಗೆ ಮಾತ್ರ. ಬ್ರೌಸರಿನ ಬುಕ್‌ಮಾರ್ಕುಗಳನ್ನೇ ಕ್ರೋಮ್‌ನಿಂದ ಫೈರ್‌ಫಾಕ್ಸ್‌ಗೆ, ಅಲ್ಲಿಂದ ಎಡ್ಜ್‌ಗೆ ಹೊಂದಿಸಬೇಕೆನ್ನುವವರಿಗೆ ಫ್ಲೋಕಸ್ ಎಂಬ ಮುಕ್ತ ತಂತ್ರಾಂಶವಿದೆ, ಅದು ಗೂಗಲ್ ಡ್ರೈವ್ ಅಥವಾ ನೆಕ್ಸ್ಟ್‌ಕ್ಲೌಡ್ ಮೂಲಕ ಕೆಲಸ ಮಾಡುತ್ತದೆ. ಆದರೆ ಅದನ್ನು ಹಾಕಿದ ಬ್ರೌಸರುಗಳಲ್ಲಿ ಬ್ರೌಸರಿನದೇ ಬುಕ್‌ಮಾರ್ಕ್ ಸಿಂಕ್ ಅನ್ನು ನಿಲ್ಲಿಸಬೇಕು. ಒಂದೇ ಪಟ್ಟಿಯನ್ನು ಇಬ್ಬರು ಹೊಂದಿಸಲು ಹೊರಟರೆ ಒಂದು ಎರಡಾಗಿ, ಎರಡು ನಾಲ್ಕಾಗಿ ನಕಲುಗಳು ತುಂಬಿಕೊಳ್ಳುತ್ತವೆ. ಇಳಿಸಿಟ್ಟ ಎಚ್‌ಟಿಎಂಎಲ್ ಕಡತವನ್ನು ಎರಡು ಸಲ ಇಂಪೋರ್ಟ್ ಮಾಡಿದರೂ ಇದೇ ಫಲ.

ಹೆಸರಿಡುವುದು

ಪುಟವೊಂದು ತೆರೆದಿರುವಾಗ ಕಂಟ್ರೋಲ್ ಮತ್ತು ಡಿ ಒತ್ತಿದರೆ ಚಿಕ್ಕ ಚೌಕವೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಹೆಸರಿನ ಜಾಗ, ಫೋಲ್ಡರಿನ ಜಾಗ, ಕೆಳಗೆ ಡನ್ ಎಂಬ ಗುಂಡಿ. ಬಹುಪಾಲು ಜನ ಡನ್ ಒತ್ತಿ ಮುಂದೆ ಹೋಗುತ್ತಾರೆ. ಆಗ ಹೆಸರಿನ ಜಾಗದಲ್ಲಿ ಉಳಿಯುವುದು ತಾಣವನ್ನು ಕಟ್ಟಿದವರು ಬರೆದ ಶೀರ್ಷಿಕೆ, ಮತ್ತು ನಮ್ಮ ಸರ್ಕಾರಿ ತಾಣಗಳಲ್ಲಿ ಅದು ಎಷ್ಟೋ ಸಲ ಬರಿಯ ಹೋಮ್, ಲಾಗಿನ್ ಅಥವಾ ವೆಲ್‌ಕಮ್ ಎಂದಿರುತ್ತದೆ. ಮೂರು ತಿಂಗಳಾದ ಮೇಲೆ ಪಟ್ಟಿ ತೆರೆದರೆ ಐದು ಹೋಮ್, ನಾಲ್ಕು ಲಾಗಿನ್. ಯಾವುದು ವಿದ್ಯಾರ್ಥಿವೇತನದ್ದು, ಯಾವುದು ಸೇವಾ ಸಿಂಧುವಿನದು ಎಂಬುದು ಒಂದೊಂದನ್ನೂ ತೆರೆದು ನೋಡಿದ ಮೇಲೆಯೇ ತಿಳಿಯಬೇಕು.

ಆದ್ದರಿಂದ ಡನ್ ಒತ್ತುವ ಮೊದಲು ಆ ಹೆಸರನ್ನು ಪೂರ್ತಿ ಅಳಿಸಿ, ನಾಳೆ ಇದನ್ನು ಹುಡುಕುವಾಗ ನಾವು ಯಾವ ಮಾತು ಬಳಸುತ್ತೇವೋ ಅದನ್ನು ಬರೆಯಬೇಕು. ‘ಭೂಮಿ’ ಎಂದು ಇಲಾಖೆ ಇಟ್ಟ ಹೆಸರಿಗಿಂತ ‘ಪಹಣಿ ನೋಡುವುದು’ ಎಂಬುದು ಬೇಗ ಸಿಗುತ್ತದೆ. ‘ಕೃಷಿ ಮಾರಾಟ ವಾಹಿನಿ’ಗೆ ‘ತೊಗರಿ ಧಾರಣಿ, ಗಂಜ್’ ಎಂದು ಬರೆದರೆ ಅಡತಿ ಅಂಗಡಿಯಲ್ಲಿ ನಿಂತು ಫೋನು ತೆಗೆದವರಿಗೂ ಕೂಡಲೇ ಕಾಣುತ್ತದೆ. ಸಾಧ್ಯವಾದರೆ ಕನ್ನಡದ ಹೆಸರಿನ ಪಕ್ಕದಲ್ಲಿ ಅದೇ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೂ ಒಮ್ಮೆ ಬರೆದುಬಿಡಿ. ಕಚೇರಿಯ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆ ಇರುವುದು ಖಾತ್ರಿಯಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಕನ್ನಡದ ಹೆಸರು ಸಿಗುವುದಿಲ್ಲ.

ಊರುಗಳ ಹೆಸರಿನಲ್ಲಿ ನಮ್ಮ ಭಾಗದವರಿಗೆ ವಿಶೇಷ ತೊಡಕು ಒಂದಿದೆ. ಗುಲ್ಬರ್ಗಾ ಎಂಬುದು 2014ರ ನವೆಂಬರ್ 1ರಂದು ಕಲಬುರಗಿಯಾಯಿತು, ಆದರೆ ವಿಶ್ವವಿದ್ಯಾಲಯವು ಗುಲ್ಬರ್ಗಾ ವಿಶ್ವವಿದ್ಯಾಲಯವಾಗಿಯೇ ಉಳಿಯಿತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾದ ಮೇಲೆ ಪ್ರದೇಶಾಭಿವೃದ್ಧಿ ಮಂಡಳಿಯ ಹೆಸರೂ ಸಾರಿಗೆ ನಿಗಮದ ಹೆಸರೂ ಬದಲಾದವು. ಬರವಣಿಗೆಯಲ್ಲಿ ಕಲಬುರಗಿ, ಕಲಬುರ್ಗಿ, ಬೀದರ, ಬೀದರ್, ಯಾದಗಿರಿ, ಯಾದಗಿರ ಎಂಬ ರೂಪಗಳೆಲ್ಲವೂ ನಡೆಯುತ್ತವೆ. ಹುಡುಕುವ ಯಂತ್ರಕ್ಕೆ ಇವು ಬೇರೆಬೇರೆ ಮಾತುಗಳು. ನಿಮ್ಮ ಪಟ್ಟಿಯ ಮಟ್ಟಿಗೆ ಒಂದೊಂದು ಊರಿಗೆ ಒಂದೇ ರೂಪವನ್ನು ಗೊತ್ತುಮಾಡಿಕೊಂಡು ಎಲ್ಲೆಡೆಯೂ ಅದನ್ನೇ ಬರೆಯಿರಿ. ಹಳೆಯ ಅಧಿಸೂಚನೆಗಳ ಪುಟವಾದರೆ ಹಳೆಯ ಹೆಸರನ್ನೂ ಜೊತೆಗೆ ಸೇರಿಸಿರಿ. ಯುನಿಕೋಡ್ ಬರುವುದಕ್ಕಿಂತ ಹಿಂದಿನ ಫಾಂಟುಗಳಲ್ಲಿ ಕಟ್ಟಿದ ಕನ್ನಡ ತಾಣಗಳಿಂದ ಶೀರ್ಷಿಕೆಯನ್ನು ನಕಲು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದು ಕೂರುತ್ತವೆ. ಅಲ್ಲಿ ಕೈಯಿಂದಲೇ ಹೊಸದಾಗಿ ಟೈಪ್ ಮಾಡಬೇಕು.

ಕಂಪ್ಯೂಟರಿನ ಬುಕ್‌ಮಾರ್ಕ್ ಪಟ್ಟಿಯಲ್ಲಿ ಜಾಗ ಉಳಿಸಲೆಂದು ಕೆಲವರು ಹೆಸರನ್ನು ಪೂರ್ತಿ ಅಳಿಸಿ ಬರಿಯ ಚಿಹ್ನೆಯನ್ನು ಬಿಡುತ್ತಾರೆ. ನೋಡಲು ಚೆನ್ನ. ಆದರೆ ಹೆಸರೇ ಇಲ್ಲದ್ದನ್ನು ಹೆಸರಿನಿಂದ ಹುಡುಕಲು ಬರುವುದಿಲ್ಲ, ಆದ್ದರಿಂದ ದಿನಕ್ಕೆ ಹತ್ತು ಸಲ ಒತ್ತುವ ಒಂದೆರಡು ತಾಣಗಳ ಆಚೆಗೆ ಈ ಉಪಾಯ ಬೇಡ.

ಯಾವ ಪುಟವನ್ನು ಉಳಿಸಬೇಕು, ಯಾವುದನ್ನು ಉಳಿಸಬಾರದು

ಲಾಗಿನ್ ಆದ ಮೇಲೆ ಒಳಗೆ ತೆರೆಯುವ ಪುಟವನ್ನು ಬುಕ್‌ಮಾರ್ಕ್ ಮಾಡಿದರೆ ಅದು ಮರುದಿನ ತೆರೆಯುವುದಿಲ್ಲ. ಸೆಷನ್ ಎಕ್ಸ್‌ಪೈರ್ಡ್ ಎಂಬ ಸಂದೇಶ ಬರುತ್ತದೆ, ತಾಣವೇ ಕೆಟ್ಟಿದೆಯೆಂದು ನಾವು ತಿಳಿಯುತ್ತೇವೆ. ಅರ್ಜಿ ತುಂಬುವ ತಾಣ, ಬ್ಯಾಂಕು, ಬಸ್ಸಿನ ಬುಕಿಂಗು ಎಲ್ಲದಕ್ಕೂ ಇದು ಅನ್ವಯಿಸುತ್ತದೆ: ಮೊದಲ ಬಾಗಿಲಿನ ಪುಟವನ್ನೇ ಉಳಿಸಬೇಕು. ಒಳಗಿನ ದಾರಿ ಉದ್ದವಾಗಿದ್ದರೆ ಅದನ್ನೂ ಹೆಸರಿನಲ್ಲಿಯೇ ಚಿಕ್ಕದಾಗಿ ಬರೆದುಕೊಳ್ಳಬಹುದು. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂಬ ಕ್ರಮದಲ್ಲಿ ಪಹಣಿ ಸಿಗುವುದರಿಂದ ನಾನು ಬುಕ್‌ಮಾರ್ಕಿನ ಹೆಸರಿನ ಕೊನೆಗೆ ನಮ್ಮ ಹೋಬಳಿಯ ಹೆಸರನ್ನು ಸೇರಿಸಿಟ್ಟಿದ್ದೇನೆ, ಏಕೆಂದರೆ ಪ್ರತಿ ಸಲ ಮರೆಯುವುದು ಅದೊಂದನ್ನೇ.

ಬುಕ್‌ಮಾರ್ಕಿನಲ್ಲಿ ಇರುವುದು ವಿಳಾಸ ಮಾತ್ರ, ಪುಟವಲ್ಲ. ನೇಮಕಾತಿಯ ಅಧಿಸೂಚನೆ, ಕೀ ಉತ್ತರ, ಆಯ್ಕೆಪಟ್ಟಿ ಮುಂತಾದವು ಇವತ್ತು ಇರುವಲ್ಲಿ ನಾಳೆ ಇರುವುದಿಲ್ಲ. ಇವುಗಳ ಪಿಡಿಎಫ್ ಅನ್ನೇ ಇಳಿಸಿಕೊಂಡು, ದಿನಾಂಕ ಸೇರಿಸಿ ಹೆಸರಿಟ್ಟು, ಡ್ರೈವ್‌ನ ಒಂದು ಫೋಲ್ಡರಿನಲ್ಲಿ ಇಡಬೇಕು. ಸಂವಿಧಾನದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಯಡಿ ಅರ್ಜಿ ಹಾಕುವವರಿಗೆ ಸ್ಥಳೀಯ ವೃಂದದ ಹುದ್ದೆಗಳ ಸಂಖ್ಯೆ, ತಿದ್ದುಪಡಿ ಅಧಿಸೂಚನೆ ಮೊದಲಾದ ಕಾಗದಗಳು ವರ್ಷ ಕಳೆದ ಮೇಲೂ ಬೇಕಾಗಬಹುದಾದ್ದರಿಂದ ಕೊಂಡಿಯನ್ನು ನಂಬಿ ಕೂರುವುದು ಜಾಣತನವಲ್ಲ. ಪಿಡಿಎಫ್ ಇಲ್ಲದ ಪುಟವಾದರೆ ಪ್ರಿಂಟ್ ಆಯ್ಕೆಯಲ್ಲಿ ಸೇವ್ ಆ್ಯಸ್ ಪಿಡಿಎಫ್ ಒತ್ತಿದರೆ ಅದೂ ಕಡತವಾಗುತ್ತದೆ. ಎಲ್ಲರಿಗೂ ಉಪಯೋಗವಾಗುವ ಬಹಿರಂಗ ಪುಟವನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಸೇವ್ ಪೇಜ್ ನೌ ಎಂಬಲ್ಲಿ ವಿಳಾಸ ಹಾಕಿ ಉಳಿಸಬಹುದು. ಹಳೆಯ ಬುಕ್‌ಮಾರ್ಕು ತೆರೆಯದಿದ್ದಾಗ ಮೊದಲು ಅಲ್ಲಿಯೇ ವಿಳಾಸ ಹಾಕಿ ನೋಡಿರಿ. ನಿಕ್ ಡಾಟ್ ಇನ್ ವಿಳಾಸದಲ್ಲಿದ್ದ ರಾಜ್ಯದ ಹಲವು ತಾಣಗಳು ಕರ್ನಾಟಕ ಡಾಟ್ ಗವ್ ಡಾಟ್ ಇನ್‌ಗೆ ಸ್ಥಳಾಂತರವಾದಾಗ ಹಳೆಯ ಕೊಂಡಿಗಳು ಸತ್ತುಹೋದವು. ಪರೀಕ್ಷಾ ಪ್ರಾಧಿಕಾರದ ಹಳೆಯ ವಿಳಾಸವನ್ನು ಇನ್ನೂ ಇಟ್ಟುಕೊಂಡಿರುವವರು ಅದನ್ನು ಬದಲಿಸಿಕೊಳ್ಳಬೇಕು.

ಫೋಲ್ಡರುಗಳು ಎಷ್ಟು

ಕಡಿಮೆ. ಐದಾರಕ್ಕಿಂತ ಹೆಚ್ಚು ಬೇಡ, ಒಂದರೊಳಗೆ ಒಂದು ಎಂಬ ಮೂರು ಅಂತಸ್ತು ಬೇಡವೇ ಬೇಡ, ಏಕೆಂದರೆ ಫೋನಿನಲ್ಲಿ ಪ್ರತಿ ಅಂತಸ್ತಿಗೂ ಒಂದೊಂದು ಸಲ ಒತ್ತಬೇಕು. ಸರ್ಕಾರಿ ಕೆಲಸ, ಹೊಲ ಮತ್ತು ಗಂಜ್, ಮಕ್ಕಳ ಓದು, ಹಣಕಾಸು, ಮುಂದೆ ಓದುವುದು ಎಂಬಷ್ಟರಲ್ಲಿ ಒಂದು ಕುಟುಂಬದ ಪಟ್ಟಿ ಮುಗಿಯುತ್ತದೆ. ಸಂಶೋಧನೆ ಮಾಡುವವರ ಮಾತು ಬೇರೆ. ಬಹಮನಿ ಕೋಟೆಗಳ ಬಗ್ಗೆಯೋ ವಚನಗಳ ಬಗ್ಗೆಯೋ ಬಿದರಿ ಕಲೆಯ ಬಗ್ಗೆಯೋ ಕೊಂಡಿಗಳನ್ನು ಸಂಗ್ರಹಿಸುವ ವಿದ್ಯಾರ್ಥಿಗೆ ಒಂದೇ ಪುಟ ಎರಡು ವಿಷಯಗಳಿಗೆ ಸೇರುವುದು ಸಹಜ, ಅಲ್ಲಿ ಫೋಲ್ಡರಿಗಿಂತ ಟ್ಯಾಗ್ ಅನುಕೂಲ. ಫೈರ್‌ಫಾಕ್ಸ್‌ನಲ್ಲಿಯೂ ರೇನ್‌ಡ್ರಾಪ್‌ನಲ್ಲಿಯೂ ಟ್ಯಾಗ್ ಹಾಕಬಹುದು, ಕ್ರೋಮ್‌ನಲ್ಲಿ ಆ ಸೌಲಭ್ಯವಿಲ್ಲ. ‘ಬೀದರ’, ‘ಶಾಸನ’, ‘ಚಿತ್ರ’ ಎಂಬ ಮೂರು ಟ್ಯಾಗುಗಳಿರುವ ಪುಟ ಮೂರು ಕಡೆಯಿಂದಲೂ ಸಿಗುತ್ತದೆ.

ಹೆಸರು ಚೆನ್ನಾಗಿದ್ದರೆ ಫೋಲ್ಡರು ತೆರೆಯುವ ಪ್ರಮೇಯವೇ ಕಡಿಮೆ. ಕ್ರೋಮ್‌ನ ವಿಳಾಸಪಟ್ಟಿಯಲ್ಲಿ @ ಚಿಹ್ನೆಯೊಡನೆ ಇಂಗ್ಲಿಷಿನಲ್ಲಿ ಬುಕ್‌ಮಾರ್ಕ್ಸ್ ಎಂದು ಬರೆದು ಟ್ಯಾಬ್ ಒತ್ತಿ, ಆಮೇಲೆ ಬೇಕಾದ ಮಾತನ್ನು ಬರೆದರೆ ಬುಕ್‌ಮಾರ್ಕುಗಳಲ್ಲಿ ಮಾತ್ರ ಹುಡುಕುತ್ತದೆ. ಫೈರ್‌ಫಾಕ್ಸ್‌ನಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಒಂದು ಜಾಗ ಬಿಟ್ಟು ಬರೆದರೆ ಸಾಕು.

ವಾಟ್ಸಾಪ್‌ನಿಂದ ಪಟ್ಟಿಗೆ

ನಮ್ಮಲ್ಲಿ ಕೊಂಡಿಗಳು ಬರುವುದೇ ವಾಟ್ಸಾಪ್ ಗುಂಪುಗಳಿಂದ, ಉಳಿಯುವುದೂ ಅಲ್ಲಿಯೇ. ತನಗೆ ತಾನೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ ಬಂದ ಮೇಲಂತೂ ಅದೇ ಎಲ್ಲರ ಗೋದಾಮು. ಇದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ, ಅವಸರದಲ್ಲಿ ಅದಕ್ಕಿಂತ ಸುಲಭದ ದಾರಿಯೂ ಇಲ್ಲ. ವಾರಕ್ಕೊಮ್ಮೆ ಅದನ್ನು ಖಾಲಿ ಮಾಡಿದರೆ ಸರಿ. ಕೊಂಡಿಯನ್ನು ಒತ್ತಿ ತೆರೆದು, ತಾಣದ ಹೆಸರಿನ ಕೊನೆಯನ್ನು ನೋಡಿ, ಮೂರು ಚುಕ್ಕಿ ಒತ್ತಿದಾಗ ಕಾಣುವ ನಕ್ಷತ್ರವನ್ನು ಮುಟ್ಟಿದರೆ ಬುಕ್‌ಮಾರ್ಕ್ ಆಗುತ್ತದೆ. ಆಗ ಕೆಳಗೆ ಒಂದೆರಡು ಗಳಿಗೆ ಕಾಣಿಸಿಕೊಳ್ಳುವ ಎಡಿಟ್ ಎಂಬುದನ್ನು ಬಿಡದೆ ಒತ್ತಿ ಹೆಸರನ್ನು ಅಲ್ಲಿಯೇ ಬದಲಿಸಿರಿ. ಆ ಗಳಿಗೆ ತಪ್ಪಿದರೆ ಆಮೇಲೆ ಯಾರೂ ಬದಲಿಸುವುದಿಲ್ಲ. ರೇನ್‌ಡ್ರಾಪ್ ಹಾಕಿಕೊಂಡವರು ಶೇರ್ ಒತ್ತಿ ನೇರವಾಗಿ ಅದಕ್ಕೇ ಕಳಿಸಬಹುದು.

ಸಿಂಕ್ ಇದ್ದರೂ ಪ್ರತಿ ಬೇಕು

ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ಮಗು ಫೋನಿನಲ್ಲಿ ಆಟವಾಡುತ್ತ ಒಂದು ಫೋಲ್ಡರನ್ನು ಅಳಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅದು ಲ್ಯಾಪ್‌ಟಾಪಿನಿಂದಲೂ ಅಳಿಯುತ್ತದೆ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಅಳಿಸಿದ ಕೂಡಲೇ ಅದೇ ಬುಕ್‌ಮಾರ್ಕ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಝೆಡ್ ಒತ್ತಿದರೆ ಮರಳಿ ಬರುತ್ತದೆ, ತಡವಾದರೆ ಬರುವುದಿಲ್ಲ. ಕಂಪ್ಯೂಟರಿನ ಫೈರ್‌ಫಾಕ್ಸ್ ಮಾತ್ರ ತಾನಾಗಿಯೇ ಕೆಲವು ಹಿಂದಿನ ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ, ಲೈಬ್ರರಿಯ ರಿಸ್ಟೋರ್ ಎಂಬಲ್ಲಿ ದಿನಾಂಕವನ್ನು ಆರಿಸಿ ಹಿಂದಿನ ಸ್ಥಿತಿಗೆ ಹೋಗಬಹುದು.

ಸೇವೆಗಳೂ ಶಾಶ್ವತವಲ್ಲ. ಎಕ್ಸ್‌ಮಾರ್ಕ್ಸ್ 2018ರ ಮೇ ತಿಂಗಳಿನಲ್ಲಿ ನಿಂತಿತು, ಗೂಗಲ್ ಬುಕ್‌ಮಾರ್ಕ್ಸ್ ಎಂಬ ಪ್ರತ್ಯೇಕ ಸೇವೆ 2021ರ ಸೆಪ್ಟೆಂಬರ್ 30ರಂದು ಮುಚ್ಚಿತು, ಓಮ್ನಿವೋರ್ 2024ರ ನವೆಂಬರಿನಲ್ಲಿ ಹೋಯಿತು. ಲಕ್ಷಾಂತರ ಜನ ಬಳಸುತ್ತಿದ್ದ ಪಾಕೆಟ್ ಕೂಡ 2025ರ ಜುಲೈ 8ರಂದು ಕೆಲಸ ನಿಲ್ಲಿಸಿತು. ಪ್ರತಿ ಸಲವೂ ಬಳಕೆದಾರರಿಗೆ ತಮ್ಮ ಪಟ್ಟಿಯನ್ನು ಇಳಿಸಿಕೊಳ್ಳಲು ಕೆಲವೇ ವಾರ ಅಥವಾ ತಿಂಗಳುಗಳ ಗಡುವು. ಹೊಸ ಸೇವೆಯೊಂದನ್ನು ಆರಿಸುವಾಗ ಅದರ ಅಂದಚಂದಕ್ಕಿಂತ ಮೊದಲು ಎಕ್ಸ್‌ಪೋರ್ಟ್ ಎಲ್ಲಿದೆ ಎಂದು ನೋಡಿ, ಒಮ್ಮೆ ಇಳಿಸಿಯೂ ನೋಡಿ. ಆಮೇಲೆ ಆರು ತಿಂಗಳಿಗೊಮ್ಮೆ, ಯುಗಾದಿಗೆ ಒಂದು ಸಲ ದಸರೆಗೆ ಒಂದು ಸಲ ಎಂದು ಇಟ್ಟುಕೊಂಡರೂ ಸಾಕು, ಹೊಸ ಪ್ರತಿ ತೆಗೆಯಿರಿ. ಅದೇ ದಿನ ಕಂಪ್ಯೂಟರಿನಲ್ಲಿ ಒಂದೊಂದೇ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ಓಪನ್ ಆಲ್ ಮಾಡಿ, ತೆರೆಯದವುಗಳನ್ನು ತೆಗೆದುಹಾಕಬಹುದು.

ಬೇರೆಯವರ ಕಂಪ್ಯೂಟರಿನಲ್ಲಿ

ಕಾಲೇಜಿನ ಲ್ಯಾಬು, ಗ್ರಂಥಾಲಯ, ತಹಶೀಲ್ ಕಚೇರಿಯ ಎದುರಿನ ಆನ್‌ಲೈನ್ ಸೆಂಟರು: ಇಂಥ ಕಡೆ ಬ್ರೌಸರಿಗೆ ನಿಮ್ಮ ಖಾತೆಯನ್ನು ಸೇರಿಸಬೇಡಿರಿ. ಸೇರಿಸಿದರೆ ಬುಕ್‌ಮಾರ್ಕುಗಳ ಜೊತೆಗೆ ಉಳಿಸಿದ ಪಾಸ್‌ವರ್ಡುಗಳೂ ಅಲ್ಲಿಗೆ ಬರಬಹುದು. ಕ್ರೋಮ್‌ನ ಪ್ರೊಫೈಲ್ ಚಿತ್ರದ ಕೆಳಗೆ ಗೆಸ್ಟ್ ಎಂಬ ಆಯ್ಕೆಯಿದೆ. ಆ ಕಿಟಕಿಯನ್ನು ಮುಚ್ಚಿದ ಮೇಲೆ ಬ್ರೌಸರಿನಲ್ಲಿ ಏನೂ ಉಳಿಯುವುದಿಲ್ಲ, ಇಳಿಸಿಕೊಂಡ ಕಡತಗಳನ್ನು ಮಾತ್ರ ನಾವೇ ಅಳಿಸಬೇಕು. ಎಲ್ಲಿಯೋ ಲಾಗಿನ್ ಆಗಿ ಬಿಟ್ಟುಬಂದ ಅನುಮಾನವಿದ್ದರೆ ಫೋನಿನಲ್ಲಿಯೇ ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ, ನಿಮ್ಮ ಸಾಧನಗಳ ಪಟ್ಟಿಯಲ್ಲಿ ಆ ಕಂಪ್ಯೂಟರನ್ನು ಆರಿಸಿ ಸೈನ್ ಔಟ್ ಮಾಡಬಹುದು.

ಊರಿನಲ್ಲಿರುವ ಹಿರಿಯರ ಫೋನಿಗೆ ಈ ಯಾವ ವ್ಯವಸ್ಥೆಯೂ ಬೇಕಾಗುವುದಿಲ್ಲ. ಅಪ್ಪನಿಗೆ ಬೇಕಾದದ್ದು ಪಹಣಿ ಮತ್ತು ಧಾರಣಿ, ಎರಡೇ. ಆ ಪುಟಗಳನ್ನು ಅವರ ಕ್ರೋಮ್‌ನಲ್ಲಿ ತೆರೆದು, ಮೂರು ಚುಕ್ಕಿಗಳಲ್ಲಿ ಆ್ಯಡ್ ಟು ಹೋಮ್ ಸ್ಕ್ರೀನ್ ಒತ್ತಿ, ಅವರು ಬಳಸುವ ಮಾತಿನಲ್ಲೇ ಹೆಸರಿಟ್ಟರೆ ಫೋನಿನ ಮುಖಪುಟದಲ್ಲಿ ಎರಡು ಗುಂಡಿಗಳು ಬಂದು ಕೂರುತ್ತವೆ. ಇವು ಸಿಂಕ್ ಆಗುವುದಿಲ್ಲ, ಹೊಸ ಫೋನು ಕೊಂಡಾಗ ಮತ್ತೆ ಕೈಯಿಂದಲೇ ಮಾಡಿಕೊಡಬೇಕು.